ಉಸ್ತಾದ್ ಶಾಮಿಸರ ಕೊನೆಯ ಹಿಡಿ ಲವಂಗ

ಒಮಾನಿನ ಅಡುಗೆಯನ್ನು ಅರೆದು ಕುಡಿದಿದ್ದೇವೆಂದು ಎದೆ ತಟ್ಟಿಕೊಳ್ಳುವವರು ನಮ್ಮಲ್ಲಿ ಮರಳಿನ ಕಣಗಳಷ್ಟಿದ್ದಾರೆ. ಅವರಲ್ಲಿ ಮೊದಲಿಗ ನಾನೇ. ಆದರೆ ಒಂದು ಪಾತ್ರೆಯೊಳಗೆ ಹಡಗುಗಳ ದಾರಿಯನ್ನೇ ಕಂಡವರು ಒಬ್ಬರು ಮಾತ್ರ: ಇಬ್ರಾ ಊರಿನ ಪಾಕಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿ ಈಗ ನಿವೃತ್ತರಾಗುತ್ತಿರುವ ಪೂಜ್ಯ ಉಸ್ತಾದ್ ಶಾಮಿಸ್ ಬಿನ್ ಹಿಲಾಲ್ ಅವರು.

"ಮಲಬಾರಿನ ಮೆಣಸು ಮೊದಲು, ಸಿಲೋನಿನ ಚಕ್ಕೆ ಆಮೇಲೆ, ಜಾಂಜಿಬಾರಿನ ಲವಂಗ ಕೊನೆಗೆ. ಎಲ್ಲಾ ಒಟ್ಟಿಗೆ ಸುರಿದ್ರೆ ಬಂದರಲ್ಲೇ ಮುಳುಗ್ತೀರ್ರೋ!" ಎಂಬುದು ಅವರ ಮೊದಲ ಪಾಠ. ಆ ವಾರವೇ ನಾನು ನೂರು ಪಾತ್ರೆ ಸುಟ್ಟಾಗ (ನಿಜ ಹೇಳಬೇಕೆಂದರೆ ಮೂರು) ತಾವೇ ಕೂತು ಉಜ್ಜಿಕೊಟ್ಟರು.

ಹನ್ನೊಂದು ವರ್ಷಗಳ ಹಿಂದಿನ ಈದ್. ಜಾಂಜಿಬಾರಿನಲ್ಲಿ ಹುಟ್ಟಿದ ಅವರ ತಾಯಿ ಹಡಗಿನಲ್ಲಿ ತಂದಿದ್ದ ಲವಂಗದಲ್ಲಿ ಕೊನೆಯ ಒಂದು ಹಿಡಿ ಉಳಿದಿತ್ತು. "ಅಮ್ಮನ ಕೈರುಚಿ ಇನ್ನೊಂದ್ಸಲ ಸಿಗ್ಲಿ ಕಣೋ, ಮತರ್" ಎಂದು ಅದನ್ನು ನನ್ನ ಕೈಗಿತ್ತರು. ಮಸಾಲೆ ಸವರಿದ ಮಾಂಸವನ್ನು ಬಾಳೆಲೆಯಲ್ಲಿ ಸುತ್ತಿ, ಖರ್ಜೂರದ ಗರಿಯ ಚೀಲಕ್ಕೆ ತುಂಬಿ, ಕೇರಿಯವರೆಲ್ಲರ ಚೀಲಗಳೊಂದಿಗೆ ಕೆಂಡದ ಗುಂಡಿಗೆ ಇಳಿಸುವುದು ನಮ್ಮ ರೂಢಿ. ಪ್ರತಿ ಮನೆಯ ಚೀಲಕ್ಕೂ ಗುರುತಿನ ತಂತಿ ಇರಬೇಕು.

"ತಂತಿ ಕಟ್ಟಿದ್ಯೇನೋ?"

"ನನ್ನ ಮೂಗಿಗೆ ಗುರುತು ಬೇಕಾ, ಉಸ್ತಾದ್? ಸಾವಿರ ಚೀಲದಲ್ಲಿ ಹೆಕ್ತೀನಿ!"

ಎರಡು ದಿನದ ಮೇಲೆ ಗುಂಡಿ ತೆಗೆದಾಗ ನಲವತ್ತು ಚೀಲಗಳೂ ಕರ್ರಗೆ, ಎಲ್ಲಕ್ಕೂ ಒಂದೇ ಹೊಗೆಯ ವಾಸನೆ. ಗುರುತಿಲ್ಲದವೇ ಎರಡಿದ್ದವು. ಮೂಸಿದಂತೆ ನಟಿಸಿ ಒಂದನ್ನೆತ್ತಿದೆ. ಉಸ್ತಾದರು ಒಂದು ತುತ್ತು ತಿಂದು, ಚೀಲದ ತಂತಿಯಿಲ್ಲದ ಬಾಯನ್ನೊಮ್ಮೆ ಬೆರಳಿನಿಂದ ಸವರಿ, ನೆರೆದವರೆದುರು "ಅಮ್ಮನದೇ" ಎಂದರು. ಅಂದಿನಿಂದ ನನ್ನ ಮೂಗಿನ ಕೀರ್ತಿ ಮಸ್ಕತ್ತಿನವರೆಗೂ ಹಬ್ಬಿತು, ಹಬ್ಬಿಸಿದವನು ನಾನೇ.

ಮರುದಿನ ಪಕ್ಕದ ಮನೆಯ ಝುವೈನಾ ಬೇಲಿಯಾಚೆಯಿಂದ ಕೂಗಿದಳು: "ಅಣ್ಣಾ, ನಮ್ಮ ತಂತಿ ಎಲ್ಲೋ ಬಿದ್ಹೋಗಿತ್ತು. ನಾವು ಲವಂಗಾನೇ ಹಾಕಲ್ಲ, ಆದ್ರೂ ಈ ಸಲ ಏನ್ ಘಮ ಅಂತೀಯ! ಮಕ್ಕಳು ಎಲೇನೂ ಬಿಡ್ದೆ ನೆಕ್ಕಿದ್ವು!"

ನಾನು ಬಾಯಿ ಬಿಡಲಿಲ್ಲ. ಉಸ್ತಾದರೂ ಕೇಳಲಿಲ್ಲ. ಆದರೆ ಅಂದಿನಿಂದ ಪ್ರತಿ ಈದ್‌ನ ಹಿಂದಿನ ದಿನ ಅವರ ಮನೆಯಿಂದ ನನ್ನ ಮನೆಗೆ ಒಂದು ಗೇಣು ತಂತಿ ಬರುತ್ತದೆ. ಹನ್ನೊಂದು ತುಂಡುಗಳನ್ನೂ ಕಾಪಿಟ್ಟಿದ್ದೇನೆ. ಅಪ್ಪಣೆಯಿಲ್ಲದೆ ಅವರ ಈ ಅಭಿನಂದನಾ ಸಂಪುಟದಲ್ಲಿ ತಪ್ಪೊಪ್ಪಿಕೊಳ್ಳುತ್ತಿದ್ದೇನೆ, ಉಸ್ತಾದರು ಕ್ಷಮಿಸಬೇಕು.

ಅವರಿಗೆ ಭಗವಂತನು ನೂರಾರು ವರ್ಷ ಆಯುಷ್ಯ ಕೊಡಲಿ, ಒಲೆಯ ಮುಂದಿನ ಅವರ ಪಾಠ ನಿಲ್ಲದಿರಲಿ, ವರ್ಷವರ್ಷವೂ ಆ ತಂತಿ ಬರುತ್ತಲೇ ಇರಲಿ. ಬಿಗಿಯಾಗಿ ಕಟ್ಟುತ್ತೇನೆ. ಒಳಗೆ ಹಾಕಲು ಆ ಲವಂಗ ಮಾತ್ರ ಇನ್ನಿಲ್ಲ.