ದೀಪ ಆರಿಸಿ ಕೂರುತ್ತಿದ್ದ ಮೇಡಂ

ವಿಮಲಾ ಮೇಡಂ ಸೂಕ್ಷ್ಮದರ್ಶಕದ ದೀಪ ಆರಿಸಿ ಅದರ ಮುಂದೆ ಸುಮ್ಮನೆ ಕೂರುತ್ತಿದ್ದರು. ಕತ್ತಲೆ ಕೋಣೆ, ಎರಡೂ ಕೈ ಮಡಿಲಲ್ಲಿ. ನಾನು ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ, ಜೊಂಪು ಹತ್ತಿರಬೇಕು ಎಂದುಕೊಂಡು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆ. ಒಳಗಿನಿಂದ ದನಿ ಬಂತು: "ನಿದ್ದಿ ಹತ್ತಿಲ್ಲವ್ವಾ ಸಲ್ಮಾ. ಬೆಳಕಿಗೆ ದಣದಾವ ಇವು. ಸ್ವಲ್ಪ ಆರಾಮ ತಗೊಳ್ಳಿ ಅಂತ ಬಿಟ್ಟೇನಿ."

ದಣಿದಿದ್ದವು ತಿಸ್ರಿಯ ಕಿವಿರಿನ ಜೀವಕೋಶಗಳು. ತಿಸ್ರಿ ಎಂದರೆ ಗೋವೆಯವರು ಆಸೆಪಟ್ಟು ತಿನ್ನುವ ಚಿಪ್ಪುಮೀನು. ಧಾರವಾಡದ ಕಡೆಯ, ಮೊಟ್ಟೆಯನ್ನೂ ಮುಟ್ಟದ ಮೇಡಂ ವಾಸ್ಕೋ ಮಾರುಕಟ್ಟೆಯಲ್ಲಿ ಕುಕ್ಕರಗಾಲಲ್ಲಿ ಕೂತು ಜೀವಂತ ತಿಸ್ರಿ ಆರಿಸುತ್ತಿದ್ದರು. ಏನು ಮಸಾಲೆ ಹಾಕುತ್ತೀರಿ ಎಂದು ಮೀನು ಮಾರುವಾಕೆ ಕೇಳಿದ್ದಕ್ಕೆ, ಹಸಿರು ಬಣ್ಣ ಎಂದು ಗಂಭೀರವಾಗಿ ಉತ್ತರಿಸಿದ್ದರು. ಸುಳ್ಳೇನಲ್ಲ. ಕೋಶಗಳಿಗೆ ನಾವು ಹಾಕುವ ಆ ಬಣ್ಣ, ಒಳಗೆ ಕ್ಯಾಲ್ಸಿಯಂ ಏರಿದಾಗ ಮಿನುಗುತ್ತದೆ. ಅದನ್ನು ನೋಡುವುದೇ ನಮ್ಮ ಕೆಲಸವಾಗಿತ್ತು.

ಬಸ್ ನಿಲ್ದಾಣದಿಂದ ಮೇಡಂ ಅವರನ್ನು ಲ್ಯಾಬಿಗೆ ಕರೆತರುತ್ತಿದ್ದವರು ನನ್ನ ಅಬ್ಬಾ. ಬಾಡಿಗೆ ಮೋಟಾರ್‌ಸೈಕಲ್ ಓಡಿಸುತ್ತಾರೆ. ಅಂಥವರನ್ನು ಇಲ್ಲಿ ಪೈಲಟ್ ಎನ್ನುತ್ತಾರೆ. ಸಂಜೆ ವಾಸ್ಕೋದ ಮಂಗೋರ್ ಹಿಲ್‌ನ ನಮ್ಮ ಮನೆಯಲ್ಲಿ ಅಬ್ಬಾನ ವರದಿ ಇರುತ್ತಿತ್ತು. "ನೀವು ಕ್ಯಾಲ್ಸಿಯಂ ಡಾಕ್ಟರ್ ಅಲ್ಲೇನ್ರಿ, ನನ್ನ ಮೊಣಕಾಲಿಗೊಂದು ಗುಳಿಗಿ ಕೊಡ್ರಿ ಅಂದೆ. 'ನನ್ನ ಕಡೆ ಇರೋದು ನಿಮ್ಮ ಮೊಣಕಾಲಿಗೆ ಸಾಲೂದಿಲ್ರಿ, ಅದು ಕೋಶಗೋಳ ಮಾತು' ಅಂದ್ರು. ಕ್ಯಾಲ್ಸಿಯಂ ಎಲ್ಲಾ ಹೊರಗ ನಿಂತಿರ್ತದಂತ, ಒಳಗ ಭಾಳ ಕಡಿಮಿಯಂತ. ನಮ್ಮ ಗಲ್ಲಿಗೆ ನಾಕ ಮಂದಿ ಒಮ್ಮೆಲೆ ನುಗ್ಗಿದ್ರ ಎಲ್ಲಾರೂ ಎಚ್ಚರ ಆಗ್ತೀವಲ್ಲ, ಹಂಗಂತ. ಸಿಗ್ನಲ್ ಬಿತ್ತು, ಉಳಿದಿದ್ದು ಕೇಳ್ಲಿಲ್ಲ."

ಒಂದು ಕೋಶ ಮಿನುಗಿದರೆ ಸ್ವಲ್ಪ ತಡೆದು ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ ಎಂಬುದು ಮೇಡಂ ಬಹುಕಾಲ ದುಡಿದು ಕಂಡುಕೊಂಡದ್ದು. ನನ್ನ ಪ್ರಬಂಧ ನಿಂತಿದ್ದೂ ಅದರ ಮೇಲೆಯೇ. ನಿವೃತ್ತಿ ಹತ್ತಿರವಾದಾಗ ಒಮ್ಮೆ ದೀಪವನ್ನು ಮಂದ ಮಾಡಿ ನೋಡಿದರು. ಮಿನುಗು ಕಡಿಮೆಯಾಯಿತು. ಇನ್ನೂ ಮಂದ ಮಾಡಿದರು. ಹೆಚ್ಚುಕಡಿಮೆ ನಿಂತೇಹೋಯಿತು.

"ನಾವು ನೋಡಾಕತ್ತೀವಂತ ಮಿನುಗ್ಯಾವ," ಎಂದರು. "ದೀಪದ ಝಳಕ್ಕ ಚೀರ್ಯಾವ. ಮಾತಾಡಾಕತ್ತಾವ ಅಂತ ತಿಳಕೊಂಡೆ ನಾನು."

ಯಾರೂ ಕೇಳಿರಲಿಲ್ಲ. ತಾವಾಗಿಯೇ ವಿಜ್ಞಾನ ಪತ್ರಿಕೆಗೆ ಬರೆದು, ಈ ಬಗ್ಗೆ ಹಿಂದೆ ಅಚ್ಚಾಗಿದ್ದ ತಮ್ಮ ಲೇಖನವನ್ನು ಹಿಂತೆಗೆದುಕೊಂಡರು. ನನಗೆ ಬೇರೆ ಮಾರ್ಗದರ್ಶಕರನ್ನು ಗೊತ್ತುಮಾಡಿ, "ಅವರ ಕಡೆ ಹೋಗು. ಇದರಾಗ ನಿನ್ನ ವಯಸ್ಸು ಹಾಳು ಮಾಡ್ಕೋಬ್ಯಾಡ" ಎಂದರು. ನನಗೆ ಸಿಟ್ಟು ಬಂದಿತ್ತೋ, ಅವರ ಮೇಲಿನ ಗೌರವ ಹೆಚ್ಚಿತ್ತೋ, ಈಗಲೂ ಬಿಡಿಸಿ ಹೇಳಲಾರೆ.

ಆದರೆ ಪೂರ್ತಿ ನಿಂತಿರಲಿಲ್ಲವಲ್ಲ. ಅತಿ ಮಂದ ಬೆಳಕಿನಲ್ಲೂ ಎಲ್ಲೋ ಒಂದು ಮಿನುಗುತ್ತಿತ್ತು, ತುಸು ತಡೆದು ಅದರ ಪಕ್ಕದ್ದು. ನಿಜವಾಗಿ ಕಂಡಿತೋ, ಕಾಣಲೆಂಬ ಆಸೆಯೋ ತಿಳಿಯಲಿಲ್ಲ. ಮೇಡಂ ನಿವೃತ್ತರಾಗಿ ಊರಿಗೆ ಹೊರಟ ದಿನ ವಾಸ್ಕೋ ಸ್ಟೇಷನ್ನಿನಲ್ಲಿ, ಅಬ್ಬಾನ ಜೊತೆ ರೈಲಿನ ಕಿಟಕಿಯ ಹೊರಗೆ ನಿಂತು ಅದನ್ನು ಹೇಳಿದೆ.

"ಪಕ್ಕದ್ದೇ ಮಿನುಗ್ತೇನು?"

"ಹೌದ್ರಿ ಮೇಡಂ."

"ಪ್ರತಿ ಸಲ?"

"ಇಲ್ರಿ."

ಕನ್ನಡಕ ತೆಗೆದು ಯೋಚನೆಗೆ ಬಿದ್ದರು. ಅಷ್ಟರಲ್ಲಿ ಗಾಡಿ ಕದಲಿತು. ಅವರಿಗೆಂದು ತುಂಬಿಸಿ ತಂದ ನೀರಿನ ಬಾಟಲಿ ನನ್ನ ಕೈಯಲ್ಲೇ ಉಳಿದಿತ್ತು. ಅದನ್ನು ಚಾಚಿಕೊಂಡು ಕಿಟಕಿಯ ಜೊತೆ ಓಡಿದೆ. ಮೇಡಂ ಕೈಬೀಸಿ ಏನೋ ಕೂಗಿದರು. ಹಾರ್ನಿನ ಸದ್ದಿನಲ್ಲಿ ನನಗೆ ಕೇಳಿದ್ದು "ಬಿಡಬ್ಯಾಡ".

ಮನೆಗೆ ಬರುವಾಗ ಅಬ್ಬಾಗೆ ಹೇಳಿದೆ.

"ಹಂಗ ಎಲ್ಲಂದ್ರು ಬೇಟಾ? 'ಬಿಡು, ಬ್ಯಾಡ' ಅಂದ್ರು. ಬಾಟ್ಲಿ ಹಿಡಕೊಂಡು ಓಡಾಕತ್ತಿದ್ದಿ ನೋಡು, ಎಲ್ಲಿ ಬೀಳ್ತಾಳೋ ಹುಡುಗಿ ಅಂತ ಅಂಜಿದ್ರು ಪಾಪ."

ಬಾಟಲಿಯ ಮಾತೋ, ಕೋಶದ ಮಾತೋ. ಬಿಡು ಎಂದರೋ, ಬಿಡಬೇಡ ಎಂದರೋ. ಫೋನ್ ಮಾಡಿ ಕೇಳಬಹುದಿತ್ತು. ಇಷ್ಟಕ್ಕೆಲ್ಲ ಹೇಗೆ ಫೋನ್ ಮಾಡುವುದು ಎಂದು ನಾನು ಸಂಕೋಚಪಡುತ್ತಿರುವಾಗಲೇ, ಹೃದಯಾಘಾತವಾಗಿ ಅವರು ತೀರಿಕೊಂಡ ಸುದ್ದಿ ಬಂತು.

ಅಬ್ಬಾ ಹೇಳಿದ್ದೇ ಸರಿಯಿರಬಹುದು. ಹೊಸ ಮಾರ್ಗದರ್ಶಕರು ನಿನ್ನೆಯೂ ಕೇಳಿದರು, ಯಾವಾಗ ಬಂದು ಸೇರುತ್ತೀ ಎಂದು. ನಾನು ಇನ್ನೂ ಹೂಂ ಅಂದಿಲ್ಲ.