ಇಟ್ಟಿಗೆ ಗೂಡಿನ ಮುಂದೆ

ಹೋದ ವರ್ಷ ಅಕ್ಕ ಕಟ್ಟಿಸುತ್ತಿದ್ದ ಮನೆಗೆಂದು ಇಟ್ಟಿಗೆ ಆರಿಸಲು ಗೂಡಿಗೆ ಬಂದಿದ್ದ ನಾನು ಒಂದನ್ನೂ ತಟ್ಟಿ ನೋಡಲಿಲ್ಲ. ಕಣ್ಣಿಗೆ ಚೆಂದ ಕಂಡ ಕಿತ್ತಳೆ ಬಣ್ಣದವನ್ನೇ ಗಾಡಿಗೆ ಹಾಕಿಸಿದೆ. ಹೊರಗೋಡೆ ಉದುರತೊಡಗಿದಾಗ ಕೆಮ್ಮಣ್ಣು ಬಳಿದು ಮುಚ್ಚಿದೆ, ಅದೂ ನಿಲ್ಲಲಿಲ್ಲ.

ಇವತ್ತು ಫ್ರೇಜರ್‌ಪೇಟೆಯ ಅದೇ ಇಟ್ಟಿಗೆ ಗೂಡಿಗೆ ಅಕ್ಕನೂ ಬಂದಿದ್ದಾಳೆ. ಕಪ್ಪಗೆ ಸುಟ್ಟ ಎರಡು ಸೊಟ್ಟ ಇಟ್ಟಿಗೆಗಳನ್ನು ಒಂದಕ್ಕೊಂದು ಬಡಿದಳು. ಕಂಚಿನ ಹಾಗೆ ಠಣ್ಣೆಂದದ್ದು ಕೇಳಿ ಬೆರಗಾದೆ.

“ಹೋದ ಸಲ ಬೇಯದ ಇಟ್ಟಿಗೆ ಕೊಟ್ಟು ಮೋಸ ಮಾಡ್ದೆ ಕಣಯ್ಯ,” ಎಂದು ಗೂಡಿನವನನ್ನು ಗದರಿಸಿದಳು.

“ತಟ್ಟಿ ನೋಡು ಅಂದೆ ಕಣವ್ವ. ನಿಮ್ ತಮ್ಮ ಹೆಣ್ಣು ನೋಡೋಕೆ ಬಂದಂಗೆ ಬರೀ ಬಣ್ಣ ನೋಡ್ದ!”

“ಸುಳ್ಳು ಬೊಗಳ್ಬೇಡ. ಒಂದೊಂದೂ ತಟ್ಟಿ ತಂದೆ ಅಂತ ಅವನೇ ಹೇಳವ್ನೆ.”

ಗೂಡಿನವನು ನನ್ನ ಮುಖ ನೋಡಿದ.

“ತಟ್ಟಲಿಲ್ಲ ಅಕ್ಕ. ನಿನ್ ಹತ್ರ ಸುಳ್ಳು ಹೇಳ್ದೆ. ತಪ್ಪಾಯ್ತು.”