ಒಂದೇ ಸಾಲಿನ ಪರದೆ

ಅಣ್ಣ ಬಸ್ ಕಂಡಕ್ಟರ್, ತಂಗಿ ಭೂಮಾಪನ ಕಚೇರಿಯಲ್ಲಿ ಲೆಕ್ಕ ಹಾಕುವವಳು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದರೂ ಮಾತನ್ನೆಲ್ಲ ಅಣ್ಣನೇ ಬಾಚಿಕೊಂಡು ಬಂದುಬಿಟ್ಟ, ತಂಗಿಯ ಪಾಲಿಗೆ ಹೂಂ, ಉಹೂಂ ಎರಡೇ ಉಳಿದವು ಎಂದು ನೆಂಟರು ನಗುತ್ತಿದ್ದರು. ನಿಜವೇ. ಅವನದು ಕಂಚಿನ ಕಂಠ. ಬಸ್ಸಿನ ಹಿಂಬಾಗಿಲಲ್ಲಿ ನಿಂತು ಒಂದು ಚಟಾಕಿ ಹಾರಿಸಿದರೆ ಡ್ರೈವರ್ ಪಕ್ಕದ ಸೀಟಿನ ಮುದುಕಿಯೂ ನಗಬೇಕು. ತಂಗಿಯೋ, ಬೆಳಗ್ಗೆ ಕುರ್ಚಿಯಲ್ಲಿ ಕೂತರೆ ಸಂಜೆ ಏಳುವ ತನಕ ತುಟಿ ಬಿಚ್ಚಿದವಳಲ್ಲ. ಹೊಲ ಅಳೆಯಲು ಹೋದವರು ಕೋನ, ದೂರ ಬರೆದು ತಂದು ಕೊಡುತ್ತಿದ್ದರು. ಅವಳು ದಪ್ಪನೆಯ ಕೋಷ್ಟಕದ ಪುಸ್ತಕ ತಿರುವಿ, ಗುಣಿಸಿ, ಕೂಡಿಸಿ ಜಾಗದ ವಿಸ್ತೀರ್ಣ ತೆಗೆದು, ನಕ್ಷೆ ಎಳೆಯುತ್ತಿದ್ದಳು.

ಆ ಕಾಲದಲ್ಲಿ ಕಚೇರಿಗೆ ಒಂದು ಕೈಕಂಪ್ಯೂಟರ್ ಬಂತು. ಕನ್ನಡಕದ ಡಬ್ಬಿಯಷ್ಟು ಉದ್ದ, ಹುಣಸೆಬೀಜದಂಥ ಗುಂಡಿಗಳು, ಮೇಲೆ ಒಂದೇ ಸಾಲಿನ ಬೂದು ಪರದೆ. ಮಾತು ಉದ್ದವಾದರೆ ಅಕ್ಷರಗಳು ಎಡಕ್ಕೆ ಸರಿದು ಮಾಯವಾಗುತ್ತಿದ್ದವು. ಉಳಿದವರಿಗೆ ಅದು ದುಬಾರಿ ಕ್ಯಾಲ್ಕುಲೇಟರ್, ಅಷ್ಟೇ. ತಂಗಿ ಜೊತೆಗೆ ಬಂದ ಪುಸ್ತಕವನ್ನು ಓದಿ, ಅದಕ್ಕೆ ಕೆಲಸ ಕಲಿಸಬಹುದು ಎಂದು ಕಂಡುಕೊಂಡಳು. ಏನು ಕೇಳಬೇಕು, ಉತ್ತರ ಬಂದರೆ ಏನು ಮಾಡಬೇಕು ಎಂದು ಸಾಲುಸಾಲಾಗಿ ಬರೆದು ಕೊಟ್ಟರೆ, ಆರಿಸಿ ಮತ್ತೆ ಹಚ್ಚಿದರೂ ಮರೆಯುತ್ತಿರಲಿಲ್ಲ. ‘ಕೋನ?’ ಎಂದು ಕೇಳಿ ಸುಮ್ಮನೆ ಕಾಯುವುದು. ಕೊಟ್ಟರೆ, ‘ದೂರ?’ ಎನ್ನುವುದು. ಹಾಗೆ ಕಾಯುವ ಅದರ ಗುಣ ಅವಳಿಗೆ ಬಹಳ ಹಿಡಿಸಿತ್ತು.

ಒಂದು ದಿನ ಅದನ್ನೂ ಅದರ ಪುಟ್ಟ ಪ್ರಿಂಟರನ್ನೂ ಮನೆಗೆ ತಂದಳು. ಬೆರಳಗಲದ ಕಾಗದ ಸುರುಳಿ ಬಿಚ್ಚಿಕೊಂಡು ಹೊರಗೆ ಬಂದದ್ದನ್ನು ನೋಡಿ ಅಣ್ಣ ಎದೆ ಹಿಡಿದುಕೊಂಡ.

“ಅಯ್ಯೋ ಪುಟ್ಟಿ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಇದನ್ನ ತಂದೆಯಾ? ಇದೇ ಟಿಕೆಟ್ ಹರಿದು ಕೊಟ್ರೆ ನಾನೇನು ಹಾರ್ನ್ ಹೊಡ್ಕೊಂಡು ಕೂರಲಾ?”

“ಹೂಂ,” ಎಂದಳು ತಂಗಿ. ಅತ್ತಿಗೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ಚಳಿಗಾಲದಲ್ಲಿ ಅಣ್ಣನ ನಾಲಗೆ ತೊಡರತೊಡಗಿತು. ನಿಲ್ದಾಣಗಳ ಹೆಸರುಗಳು ಬಾಯಲ್ಲೇ ಕಲಸಿಹೋಗುತ್ತಿದ್ದವು. ಪ್ರಯಾಣಿಕರು ಮುಖ ಮುಖ ನೋಡಿಕೊಂಡರು. ಯಾರೋ ದೂರು ಕೊಟ್ಟರು, ಕುಡಿದು ಕೆಲಸಕ್ಕೆ ಬರುತ್ತಾನೆ ಎಂದು. ಒಂದು ತೊಟ್ಟೂ ಮುಟ್ಟದ ಮನುಷ್ಯನನ್ನು ತನಿಖೆಯವರು ನಡುದಾರಿಯಲ್ಲಿ ಬಸ್ಸಿನಿಂದ ಇಳಿಸಿದರು. ಚೀಲ ಬಗಲಿಗೇರಿಸಿಕೊಂಡು ನಡೆದೇ ಮನೆಗೆ ಬಂದ. ಏನಾಯಿತು ಎಂದು ಅತ್ತಿಗೆ ಕೇಳಿದರೆ, ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿಬಿಟ್ಟ.

ಆಸ್ಪತ್ರೆಯಲ್ಲಿ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ನರಗಳು ಸೊರಗುವ ಕಾಯಿಲೆ. ಮೊದಲು ನಾಲಗೆ, ಆಮೇಲೆ ಕೈಕಾಲು, ಕೊನೆಗೆ ಉಸಿರು. ಬುದ್ಧಿಗೆ ಏನೂ ಆಗುವುದಿಲ್ಲ ಎಂದು ಅವರು ಸಮಾಧಾನಕ್ಕೆ ಹೇಳಿದ್ದು ತಂಗಿಗೆ ಎಲ್ಲಕ್ಕಿಂತ ಕ್ರೂರವಾಗಿ ಕೇಳಿಸಿತು.

ಕೈ ಆಡುವ ತನಕ ಅಣ್ಣ ಸ್ಲೇಟಿನ ಮೇಲೆ ಗೀಚಿದ. ಮರುವರ್ಷ ಅದೂ ಹೋಗಿ, ಬಲಗೈ ಹೆಬ್ಬೆರಳೊಂದು ಉಳಿಯಿತು. ಅತ್ತಿಗೆ ಒಂದೊಂದೇ ಅಕ್ಷರ ಹೇಳುತ್ತಾ ಹೋಗಬೇಕು, ಬೇಕಾದದ್ದು ಬಂದಾಗ ಅವನು ಕಣ್ಣು ಮುಚ್ಚಬೇಕು. ಅತ್ತಿಗೆಗೋ ತಾಳ್ಮೆ ಸಾಲದು. ಎರಡು ಅಕ್ಷರಕ್ಕೇ, “ನೀರಾ? ನಿದ್ದೆನಾ? ನಿಂಬೆಹಣ್ಣಾ?” ಎಂದು ಊಹಿಸಿಬಿಡುವಳು. ಅವನು ಸೋತು, ನೀರು ಎಂದರೆ ನೀರೇ ಕುಡಿದುಬಿಡುವನು.

ಅದನ್ನು ನೋಡಿ ತಂಗಿ ಕಚೇರಿಯ ಸಾಹೇಬರನ್ನು ಕೇಳಿ, ಪ್ರಿಂಟರನ್ನು ಅಲ್ಲೇ ಬಿಟ್ಟು, ಯಂತ್ರವನ್ನು ಮನೆಗೆ ತಂದಳು. ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮಾತ್ರ. ಮನೆಮಾತನ್ನೇ ಆ ಅಕ್ಷರಗಳಲ್ಲಿ ಬರೆಯುವುದೆಂದಾಯಿತು. ಪರದೆಯ ಮೇಲೆ ಅಕ್ಷರಗಳ ಗುಂಪುಗಳು ಒಂದಾದ ಮೇಲೊಂದು ಬಂದು ಹೋಗುತ್ತವೆ. ಪ್ರತಿ ಸಲ ‘ಪೀಂ’ ಎನ್ನುತ್ತದೆ. ಬೇಕಾದ ಗುಂಪು ಬಂದಾಗ ಹೆಬ್ಬೆರಳು ಗುಂಡಿ ಒತ್ತಿದರೆ, ಅದರೊಳಗಿನ ಅಕ್ಷರಗಳು ಬಿಡಿಬಿಡಿಯಾಗಿ ಬರುತ್ತವೆ. ಮತ್ತೆ ಒತ್ತಿದರೆ ಆ ಅಕ್ಷರ ನಿಲ್ಲುತ್ತದೆ. ಪದೇಪದೇ ಬೇಕಾಗುವ ನೀರು, ನೋವು, ಹೊರಳಿಸು, ದೀಪ ಇಂಥ ಮಾತುಗಳನ್ನು ಇಡಿಯಾಗಿಯೇ ಸೇರಿಸಿದಳು.

ಮೊದಲ ದಿನ ಅತ್ತಿಗೆ ದಿಂಬಿನ ಪಕ್ಕ ಬಗ್ಗಿ ನಿಂತಿದ್ದಳು. ಅಕ್ಷರಕ್ಕೆ ಅಕ್ಷರ ಕೂಡುತ್ತಾ ಹೋಯಿತು. ‘ಒಳಗೆ ಹೋಗಿ, ಜಾಗ ಇದೆ.’

ಅತ್ತಿಗೆಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅಣ್ಣನ ಕಣ್ಣು ಮಿನುಗುತ್ತಿತ್ತು.

ಆದರೆ ನಗೆಮಾತು ಹೊತ್ತಿಗೆ ಸರಿಯಾಗಿ ಬರಬೇಕಲ್ಲ. ಅವನ ಜೊತೆ ಎಷ್ಟೋ ಕಾಲ ಬಸ್ ಓಡಿಸಿದ ಡ್ರೈವರ್ ಒಂದು ಮಧ್ಯಾಹ್ನ ನೋಡಲು ಬಂದ. ಬಂದವನೇ ಹೊಟ್ಟೆ ಸವರಿಕೊಂಡು, “ನೋಡೋ, ಸ್ಟೇರಿಂಗಿಗೆ ತಾಗ್ತಾ ಇದೆ,” ಎಂದ. ಅಣ್ಣ ಗುಂಡಿ ಒತ್ತತೊಡಗಿದ. ಪೀಂ, ಪೀಂ. ಡ್ರೈವರ್ ಸುಮ್ಮನಿರಲಾರದೆ ಮಾತು ಮುಂದುವರಿಸಿದ. ಹೊಸ ಬಸ್ಸಿನ ವಿಷಯ ಹೇಳಿದ, ಮಗಳ ಮದುವೆಯ ವಿಷಯ ಹೇಳಿದ, ಆಮೇಲೆ ದನಿ ತಗ್ಗಿಸಿ, “ನಮ್ಮಮ್ಮ ಹೋಗ್ಬಿಟ್ಳು ಕಣೋ. ಹೋದ ತಿಂಗಳು. ನಿನಗೆ ಹೇಳೋಣ ಅಂದ್ರೆ ಬಾಯಿ ಬರ್ಲಿಲ್ಲ,” ಎಂದ. ಅದೇ ಹೊತ್ತಿಗೆ ಯಂತ್ರ ಉದ್ದಕ್ಕೆ ಕೂಗಿ ಮಾತು ಮುಗಿಯಿತೆಂದು ತಿಳಿಸಿತು. ಡ್ರೈವರ್ ಬಗ್ಗಿ ಓದಿದ. ‘ಹೆರಿಗೆ ಯಾವಾಗ?’

ಡ್ರೈವರ್ ನಕ್ಕ. ನಗಲೇಬೇಕೆಂದು ನಕ್ಕ. ಅಣ್ಣ ಕಣ್ಣು ಮುಚ್ಚಿದವನು ಅವನು ಹೊರಟುಹೋಗುವ ತನಕ ತೆರೆಯಲಿಲ್ಲ. ಆಮೇಲೆ ಬಹಳ ಹೊತ್ತು ಹಿಡಿದು ತಂಗಿಗೆ ಹೇಳಿದ: ‘ಯಾರಾದರೂ ಬಂದರೆ ಇದನ್ನು ಆರಿಸಿಡು.’

ದಿನ ಕಳೆದಂತೆ ಹೆಬ್ಬೆರಳೂ ಹಿಂದೆ ಬೀಳತೊಡಗಿತು. ಬೇಕಾದ ಅಕ್ಷರ ದಾಟಿಹೋದ ಮೇಲೆ ಗುಂಡಿ ಒತ್ತುತ್ತಿದ್ದ. ಅಕ್ಷರ ಎಷ್ಟು ಹೊತ್ತು ನಿಲ್ಲಬೇಕೆಂಬುದು ಪ್ರೋಗ್ರಾಮಿನಲ್ಲಿ ಒಂದು ಅಂಕಿಯ ಮೇಲಿತ್ತು. ಅವನು ಮಲಗಿದ್ದಾಗ ತಂಗಿ ಸದ್ದಿಲ್ಲದೆ ಆ ಅಂಕಿಯನ್ನು ಸ್ವಲ್ಪ ಏರಿಸಿದಳು. ಮುಂದಿನ ವಾರ ಇನ್ನೂ ಸ್ವಲ್ಪ. ಅವನಿಗೆ ತಿಳಿಯದಿರಲಿ ಎಂದು ಅವಳ ಆಸೆ. ಆದರೆ ಜೀವಮಾನವೆಲ್ಲ ಎಂಜಿನ್ನಿನ ಸದ್ದು ಕೇಳಿಯೇ ಬಸ್ಸಿನ ವೇಗ ಹೇಳುತ್ತಿದ್ದ ಕಿವಿ ಅದು.

‘ಗಾಡಿ ಯಾಕೆ ನಿಧಾನ?’ ಎಂದು ಕೇಳಿದ.

“ದಾರಿ ಸರಿ ಇಲ್ಲ ಅಣ್ಣ,” ಎಂದಳು. ಹೇಳಿದ ಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಆ ಪುಟ್ಟ ಯಂತ್ರದಲ್ಲಿ ಜಾಗ ಬಹಳ ಕಮ್ಮಿ. ಹೊಸ ಮಾತು ಸೇರಿಸಬೇಕಾದರೆ ಹಳೆಯದೊಂದನ್ನು ಅಳಿಸಬೇಕು. ಒಂದು ಬೆಳಗ್ಗೆ ಅಣ್ಣ, ‘ನೋವು ತೆಗೆ,’ ಎಂದ. ನೋವಾಗುತ್ತಿದೆ ಎಂದುಕೊಂಡು ತಂಗಿ ಅವನನ್ನು ಹೊರಳಿಸಲು ಹೋದಳು. ಅಲ್ಲ, ಆ ಪದವನ್ನು ತೆಗೆ ಎಂದು ಅವನ ಅರ್ಥ. ಅದರ ಜಾಗದಲ್ಲಿ ‘ಗುಬ್ಬಿ’ ಹಾಕಬೇಕಂತೆ. ಯಾರ ಎದುರಿಗೂ ಹೆಂಡತಿಯನ್ನು ಎಂದೂ ಹಾಗೆ ಕರೆದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಮುಖ ಕೆಂಪಾಯಿತು.

“ಮತ್ತೆ ನೋವಾದ್ರೆ ಹೇಗೆ ಹೇಳ್ತೀರಿ?” ಎಂದಳು.

ಪೀಂ, ಪೀಂ. ‘ಗುಬ್ಬಿ ಅಂತೀನಿ. ನೀನು ಬರ್ತೀಯ.’

ಮಳೆಗಾಲದ ಕೊನೆಗೆ ಹೆಬ್ಬೆರಳೂ ನಿಂತಿತು. ಅದಕ್ಕೆ ಒಂದೆರಡು ದಿನ ಮುಂಚೆ ಅವನು ತಂಗಿಗೆ ಹೇಳಿದ ಕೊನೆಯ ಮಾತು, ‘ಇನ್ನು ನೀನು ಮಾತಾಡು.’

ಅವಳು ಹಾಸಿಗೆಯ ಪಕ್ಕ ಕೂತು ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ಸಾಹೇಬರ ಹೊಸ ಕೂದಲ ಬಣ್ಣ ಮಳೆಗೆ ಕಾಲರಿಗಿಳಿದದ್ದು, ಕಚೇರಿಯ ಮೆಟ್ಟಿಲಲ್ಲಿ ಬೆಕ್ಕು ಮರಿ ಹಾಕಿದ್ದು, ಹತ್ತು ಸಲ ಅಳೆದರೂ ಗೆರೆ ಕೂಡದ ಒಂದು ತ್ರಿಕೋನದ ಜಮೀನು. ಮಾತು ತಡವರಿಸುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ದಿನವೂ ಹಾಗೇ ಮಾಡಿದಳು. ಅವನು ಹೋದದ್ದೂ ಅಂಥದೇ ಒಂದು ಮಧ್ಯಾಹ್ನ, ಅವಳು ಏನೋ ಹೇಳುತ್ತಿದ್ದಾಗ. ಅತ್ತಿಗೆ ಬಂದು ಭುಜ ಮುಟ್ಟಿ, “ಸಾಕು ಕಣೆ,” ಎಂದಾಗಲೇ ಅವಳಿಗೆ ತಿಳಿದದ್ದು.

ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳಿ ಎಂದರು ಸಾಹೇಬರು. ಆದರೆ ಅಳತೆಯ ತಂಡ ಗುಡ್ಡದ ಕಡೆ ಹೊರಟಿತ್ತು, ಅವರಿಗೆ ಯಂತ್ರ ಬೇಕಿತ್ತು.

“ನಿಮ್ಮಣ್ಣ ಹೇಳಿದ್ದನ್ನೆಲ್ಲ ಕ್ಯಾಸೆಟ್ ಟೇಪಿಗೆ ಹಾಕಿಡೋಕೆ ಆಗಲ್ವಾ?” ಎಂದು ಅತ್ತಿಗೆ ಕೇಳಿದಳು. “ನೀನು ಇದರಲ್ಲಿರೋ ಲೆಕ್ಕಗಳನ್ನ ಹಾಕಿಡ್ತೀಯಲ್ಲ, ಹಾಗೆ.”

“ಪ್ರೋಗ್ರಾಮನ್ನ ಹಾಕಿಡಬಹುದು ಅತ್ತಿಗೆ. ಅಣ್ಣನ ಮಾತು ಅದರಲ್ಲಿ ಇಲ್ಲ. ಜಾಗ ಇರಲಿಲ್ಲ. ಒಂದು ಹೇಳಿ ಮುಗಿಸಿದ ಮೇಲೆ ಅದು ಅಳಿಸಿಹೋಗ್ತಿತ್ತು.”

ಅತ್ತಿಗೆ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅಕ್ಷರ ಸವೆದುಹೋಗಿದ್ದ ಆ ಒಂದು ಗುಂಡಿಯನ್ನು ಸವರಿದಳು. “ಒಂದೂ ಇಲ್ವಾ?” ಎಂದಳು.

“ಉಹೂಂ.”

ಎಲ್ಲ ಅಳಿಸಲು ಮೂರು ಅಕ್ಷರದ ಒಂದು ಆಜ್ಞೆ ಸಾಕಿತ್ತು. ತಂಗಿ ಅದನ್ನು ಒತ್ತಿ, ಪರದೆ ಖಾಲಿಯಾದದ್ದನ್ನು ನೋಡಿ, ಯಂತ್ರವನ್ನು ಚೀಲಕ್ಕೆ ಸೇರಿಸಿ ಕಚೇರಿಗೆ ಹೋದಳು. ವಾರ ಕಳೆದು ಗುಡ್ಡದಿಂದ ಅಂಕಿಗಳು ಬಂದವು. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಅವಳು ನಕ್ಷೆ ಎಳೆಯತೊಡಗಿದಳು. ಗೆರೆ ಒಂದೆರಡು ಸಲ ಕೂಡಲಿಲ್ಲ. ರಬ್ಬರಿನಿಂದ ಉಜ್ಜಿ ಮತ್ತೆ ಎಳೆದಳು.